ಬಾಟಲಿ ನಂಬರ್ 53ಎನ್

(ನಮ್ಮ ಮನೆ ಗುಂಪಿನಲ್ಲಿ ಭಾನುವಾರ ಬೆಳಿಗ್ಗೆ ನಡೆದದ್ದು. ಮಧ್ಯೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.)

ದೊಡ್ಡಪ್ಪ: *ಹಲವು ಬಾರಿ ಫಾರ್ವರ್ಡ್ ಆಗಿದೆ* 1902, ಪಂಜಾಬಿನ ಹಳ್ಳಿ. ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಜನ ಸತ್ತರು!! ಮಕ್ಕಳಿಗೆ ಚುಚ್ಚಿಸುವ ಮುಂಚೆ ಯೋಚಿಸಿ. ಎಲ್ಲರಿಗೂ ಕಳಿಸಿ 🙏

ಅಕ್ಕ: ಅಪ್ಪಾ, ಗುರುವಾರ ಪಾಪುಗೆ ಒಂದೂವರೆ ತಿಂಗಳಿನ ಇಂಜೆಕ್ಷನ್ ಇದೆ. ಈಗಲೇ ಇದನ್ನು ಕಳಿಸಬೇಕಿತ್ತಾ?

ದೊಡ್ಡಪ್ಪ: ಅದಕ್ಕೇ ಕಳಿಸಿದ್ದು.

ನಾನು: 19 ಜನ ಸತ್ತಿದ್ದು ನಿಜ ದೊಡ್ಡಪ್ಪ. ಊರು ಮುಲ್ಕೋವಾಲ್, ಅಕ್ಟೋಬರ್ 30. ಆದರೆ ಅವತ್ತು ಹಾಕಿಸಿಕೊಂಡವರು 107 ಜನ. ಸತ್ತವರಿಗೆಲ್ಲ ಹಾಕಿದ್ದು ಒಂದೇ ಬಾಟಲಿಯಿಂದ, ನಂಬರ್ 53ಎನ್. ಉಳಿದವರು ಬದುಕಿದರು.

ದೊಡ್ಡಪ್ಪ: ಅಂದರೆ ಆ ಬಾಟಲಿ ಕೆಟ್ಟಿತ್ತು. ನಾನು ಹೇಳಿದ್ದೂ ಅದೇ ಅಲ್ವಾ?

ಅತ್ತೆ: ಅಣ್ಣ ಹೇಳೋದರಲ್ಲಿ ಏನು ತಪ್ಪು? ನಮ್ಮಜ್ಜಿ ಕಾಲದಲ್ಲಿ ಮನೆಯಲ್ಲಿ ಇಲಿ ಬಿತ್ತು ಅಂದರೆ ಪಾತ್ರೆ ಪಗಡ ಕಟ್ಟಿಕೊಂಡು ತೋಟಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ಯಾವ ಸೂಜಿಯೂ ಇಲ್ಲದೆ ಬದುಕಲಿಲ್ವಾ?

ನಾನು: ಊರು ಬಿಟ್ಟಿದ್ದು ಒಳ್ಳೆಯ ಬುದ್ಧಿ ಅತ್ತೆ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನು ಕಚ್ಚುತ್ತದೆ, ರೋಗ ಬರೋದು ಹಾಗೆ. ಆದರೆ ತೋಟ ಇಲ್ಲದವರು ಎಲ್ಲಿಗೆ ಹೋಗಬೇಕಿತ್ತು? ಬದುಕದೇ ಇದ್ದವರ ಕಥೆ ಹೇಳೋಕೆ ಯಾರೂ ಉಳಿಯಲಿಲ್ಲ.

ಹುಬ್ಬಳ್ಳಿ ಮಾಮ: 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಸೂಜಿ ಹಾಕಿಸಿಕೊಂಡರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ನಿಮ್ಮ ಕಡೆ ಪ್ಲೇಗಮ್ಮನ ಗುಡಿ ಸುಮ್ನೆ ಕಟ್ಟಿದರಾ ಭಾವ?

ದೊಡ್ಡಪ್ಪ: ಗುಡಿ ವಿಷಯ ಬಿಡಿ. ಬಾಟಲಿಗೆ ಬನ್ನಿ.

ನಾನು: ಬರುತ್ತೇನೆ. ಲಸಿಕೆ ಮಾಡಿದವರು ವಿಜ್ಞಾನಿ ಹಾಫ್ಕಿನ್. 1897ರ ಜನವರಿ 10ರಂದು ಬಾಂಬೆಯಲ್ಲಿ ಮೊದಲು ತಮ್ಮ ಮೈಗೇ 10 ಸಿಸಿ ಚುಚ್ಚಿಕೊಂಡರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗ್ ರೋಗಾಣು ಬೆಳೆಸುವುದು, ಆಮೇಲೆ ಕಾಯಿಸಿ ಕೊಲ್ಲುವುದು. ಲಸಿಕೆ ಅಂದರೆ ಇಷ್ಟೇ.

ಅತ್ತೆ: ಮಾಂಸದ ಸಾರಾ!! ಅಜ್ಜಿಗೆ ಗೊತ್ತಿದ್ದರೆ ಪ್ಲೇಗೇ ವಾಸಿ ಅನ್ನುತ್ತಿದ್ದರು 😂

ನಾನು: 19 ಜನ ಸತ್ತಿದ್ದು ಪ್ಲೇಗಿನಿಂದ ಅಲ್ಲ, ಧನುರ್ವಾಯುವಿನಿಂದ. ಅದರ ರೋಗಾಣು ಇರೋದು ಮಣ್ಣಿನಲ್ಲಿ. ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿತ್ತು. ಅದನ್ನು ರೋಗಾಣು ಕೊಲ್ಲೋ ಕಾರ್ಬಾಲಿಕ್ ನೀರಿನಲ್ಲಿ ಬರೀ ಅದ್ದಿ ಮತ್ತೆ ಬಳಸಿದ. ಧನುರ್ವಾಯು ರೋಗಾಣು ಬಾಟಲಿಯೊಳಗೆ ಮೊದಲೇ ಬೆಳೆದಿದ್ದರೆ ತೆಗೆದಾಗ ಕೆಟ್ಟ ವಾಸನೆ ಬರಬೇಕಿತ್ತು. ಬಂದಿರಲಿಲ್ಲ. ಅಂದರೆ ಅದು ಸೇರಿದ್ದು ಹಳ್ಳಿಯಲ್ಲಿ ಬಾಟಲಿ ತೆಗೆದಾಗಲೇ.

ದೊಡ್ಡಪ್ಪ: ಹಾಗಿದ್ದರೆ ಆ ಹಾಫ್ಕಿನ್‌ನನ್ನು ಕೆಲಸದಿಂದ ಯಾಕೆ ತೆಗೆದರು? ನಾನೂ ಗೂಗಲ್ ಮಾಡಿದೆ.

ನಾನು: ವಿಚಾರಣೆ ಮಾಡಿದವರು ಲಸಿಕೆ ತಯಾರಿಸಿದ ಹಾಫ್ಕಿನ್ ಲ್ಯಾಬಿನ ತಪ್ಪು ಅಂದರು. ಲಸಿಕೆಗೆ ಕಾರ್ಬಾಲಿಕ್ ಆಸಿಡ್ ಹಾಕೋದು ಬಿಟ್ಟು ಬರೀ ಕಾಯಿಸಿದ್ದಕ್ಕೆ ಹೀಗಾಯಿತು ಅಂತ. ಆಮೇಲೆ ಸೊಳ್ಳೆಯಿಂದ ಮಲೇರಿಯಾ ಹರಡುತ್ತೆ ಅಂತ ತೋರಿಸಿದ ರೊನಾಲ್ಡ್ ರಾಸ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಜಗಳ ತೆಗೆದರು. ಹಾಫ್ಕಿನ್ ತಪ್ಪಿಲ್ಲ ಅಂತ ಸರ್ಕಾರ ಒಪ್ಪಿದ್ದು 1907ರಲ್ಲಿ. ಬಾಂಬೆಯ ಪರೇಲ್‌ನ ಆ ಲ್ಯಾಬಿಗೆ 1925ರಲ್ಲಿ ಅವರದೇ ಹೆಸರಿಟ್ಟರು.

ದೊಡ್ಡಪ್ಪ: ಒಬ್ಬನ ಹೆಸರು ಐದು ವರ್ಷ ಕೆಡಿಸಿ ಕೂತರು. ನೋಡಿದೆಯಾ, ಸರ್ಕಾರ ನಂಬಬಾರದು.

ನಾನು: ಈ ಮಾತು ಒಪ್ಪಿದೆ. ಆ ಲಸಿಕೆಯೂ ಪೂರ್ತಿ ಕಾಪಾಡುತ್ತಿರಲಿಲ್ಲ, ಜ್ವರ, ತೋಳು ನೋವು ಬೇರೆ. ಆದರೂ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಲ್ಲಿ ಸಾವು ಕಮ್ಮಿ. ಪ್ಲೇಗ್ ವಾಸಿ ಮಾಡೋ ಔಷಧಿ ಸ್ಟ್ರೆಪ್ಟೊಮೈಸಿನ್ ಬರೋಕೆ ಇನ್ನೂ 40 ವರ್ಷ ಇತ್ತು.

ಅಕ್ಕ: ಒಂದು ನಿಮಿಷ. ಅವರು ಸತ್ತಿದ್ದು ಧನುರ್ವಾಯುವಿನಿಂದ. ಗುರುವಾರ ಪಾಪುಗೆ ಹಾಕಿಸೋ ಪೆಂಟಾದಲ್ಲಿ, ಅದೇ ಐದು ರೋಗಕ್ಕೆ ಒಂದೇ ಲಸಿಕೆ, ಧನುರ್ವಾಯುವಿನದ್ದೂ ಇದೆ ಅಲ್ವಾ?

ನಾನು: ಇದೆ.

(ಹನ್ನೆರಡು ನಿಮಿಷ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂದು ಹೋಗಿ ಬಂದು ಹೋಗಿ ಆಯಿತು.)

ದೊಡ್ಡಪ್ಪ: ಹೊಸ ಸೂಜಿ ಕಣ್ಣೆದುರಿಗೇ ಬಿಚ್ಚಬೇಕು. ನೆಲಕ್ಕೆ ಏನಾದರೂ ಬಿತ್ತೋ, ನಾನು ಕೇಳುತ್ತೇನೆ.

ಅಕ್ಕ: ನೀವೂ ಬರುತ್ತೀರಾ?

ದೊಡ್ಡಪ್ಪ: ಎಷ್ಟು ಗಂಟೆಗೆ?