ಅಜ್ಜನ ಮಾರುತಿ 1000 ಕಾರಿಗೆ ಎಸಿ ಗ್ಯಾಸ್

ಗುಂಪು: ದಾವಣಗೆರೆ ಮನೆ

ಭಾನುವಾರ

ಮಂಜು ಚಿಕ್ಕಪ್ಪ: (ಫಾರ್ವರ್ಡ್ ಆದದ್ದು) ಕಾರಿನ ಎಸಿ ತಣ್ಣಗಾಗುತ್ತಿಲ್ಲವೇ? ಗ್ಯಾರೇಜಿಗೆ ದುಡ್ಡು ಸುರಿಯಬೇಡಿ!! ಒಂದು ಕ್ಯಾನ್ ಗ್ಯಾಸ್, ಒಂದು ಪೈಪ್ ಸಾಕು. 10 ನಿಮಿಷದಲ್ಲಿ ಮನೆಯಲ್ಲೇ ತುಂಬಿ. ಎಷ್ಟೇ ಹಳೆ ಕಾರಾದರೂ ಸರಿ, ಯಾವ ಕಡೆ ಹಾಕಿದರೂ ಸರಿ. ಎಲ್ಲರಿಗೂ ಹಂಚಿ!!

ಮಂಜು ಚಿಕ್ಕಪ್ಪ: ರಾಯಚೂರು ಮದುವೆಗೆ ಅಪ್ಪನ ಮಾರುತಿನೇ ತೆಗೆಯೋಣ ಅಂತಿದೀನಿ. ಎಸಿ ಒಂದು ಆದ್ರೆ ಸಾಕು. ಇದನ್ನೇ ಮಾಡಿ ನೋಡ್ತೀನಿ.

ಬಳ್ಳಾರಿ ಮಾವ: ಮಂಜು, ಕ್ಯಾನ್ ತಂದೀಯೇನು? ತಂದಿದ್ರ ಹಂಗ ಇಡು. ಮುಟ್ಟಬ್ಯಾಡ.

ಬಳ್ಳಾರಿ ಅತ್ತೆ: ಇವ್ರಿಗೆ ಗ್ಯಾಸ್ ಸುದ್ದಿ ಸಿಕ್ತು. ಇವತ್ತು ಊಟಕ್ಕೆ ಎದ್ದಂಗೇ ಬಿಡು.

ಮಂಜು ಚಿಕ್ಕಪ್ಪ: ಯಾಕೆ ಭಾವ? ಎಲ್ರೂ ಹಾಕ್ಕೊಂತಾರೆ.

ಬಳ್ಳಾರಿ ಮಾವ: ಆ ಕ್ಯಾನಿನಾಗ ಇರೋದು ಆರ್134ಎ, ಆಮೇಲೆ ಬಂದ ಗ್ಯಾಸ್. ನಿನ್ನ ಗಾಡಿ 91ರದ್ದು, ಅದಕ್ಕ ಹಾಕಿದ್ದು ಹಳೇ ಗ್ಯಾಸ್, ಆರ್12. ಬಾನೆಟ್ ಎತ್ತಿ ಗ್ಯಾಸ್ ತುಂಬೋ ಬಾಯಿ ನೋಡು. ತಿರುವಿ ಕೂಡಿಸೋ ಥ್ರೆಡ್ ಇದ್ರ ಆರ್12. 134ಎಗೆ ಒತ್ತಿದ್ರ ಟಕ್ ಅಂತ ಕೂಡೋ ಕಪ್ಲರ್. ಒಂದರದ್ದು ಇನ್ನೊಂದಕ್ಕ ಕೂಡಬಾರದು ಅಂತನ ಹಂಗ ಮಾಡ್ಯಾರ. ಮತ್ತ "ಯಾವ ಕಡೆ ಹಾಕಿದರೂ ಸರಿ" ಅಂತ ಬರದಾನಲ್ಲ, ಅವನ್ನ ಹುಡುಕಿ ಬೈಬೇಕು. ಎಸಿ ಓಡುವಾಗ ಹೈ ಸೈಡಿಗೆ, ಅಂದ್ರ ಒತ್ತಡ ಹೆಚ್ಚಿರೋ ಕಡೆ, ಕ್ಯಾನ್ ಹಾಕಿದ್ರ ಗ್ಯಾಸ್ ಕಾರಿಗೆ ಹೋಗಂಗಿಲ್ಲ, ಕಾರಿಂದ ಕ್ಯಾನಿಗೆ ನುಗ್ತೈತಿ. ಕೈಯಾಗ ಸಿಡೀತೈತಿ.

ಮಂಜು ಚಿಕ್ಕಪ್ಪ: ಥ್ರೆಡ್ಡೇ ಐತೆ.

ಕಿರಣ್ ಫೀನಿಕ್ಸ್: ಮಾವ, ಸಿಡಿಯೋ ವಿಷಯ ಒಪ್ಪಿದೆ. ಆದ್ರೆ ಇಷ್ಟೊಂದು ಹೆದರಿಸಬೇಡಿ. ಇಲ್ಲಿ ಅಮೆರಿಕದಲ್ಲಿ 1995ರ ಕೊನೆಗೆ ಆರ್12 ತಯಾರಿಕೆ ನಿಂತಾಗ ಎಷ್ಟು ಹಳೆ ಕಾರು ರಸ್ತೆ ಮೇಲಿದ್ವು! ಥ್ರೆಡ್ ಮೇಲೆ ಅಡಾಪ್ಟರ್ ತಿರುವಿ, ಕಂಪ್ರೆಸರಿಗೆ ಸ್ವಲ್ಪ ಎಸ್ಟರ್ ಆಯಿಲ್ ಬಿಟ್ಟು, 134ಎ ತುಂಬಿ ಓಡಿಸಿದವರು ಬೇಕಾದಷ್ಟು ಜನ. ನನ್ನ ಫ್ರೆಂಡಿನ 89ರ ಪಿಕಪ್ ಈಗಲೂ ಹಾಗೇ ಓಡ್ತಿದೆ, ಈ ಊರಿನ ಬಿಸಿಲಲ್ಲಿ. ಉಳಿದದ್ದೆಲ್ಲ ಗ್ಯಾರೇಜಿನವರ ಬಿಲ್.

ಮಂಜು ಚಿಕ್ಕಪ್ಪ: ನೋಡಿ ಭಾವ! ಇಲ್ಲಿಯ ಗ್ಯಾರೇಜಿನವನು ಹದಿನೆಂಟು ಸಾವಿರ ಅಂತಾನೆ. ಗಾಡಿ ಮಾರಿದ್ರೆ ಅದರ ಮೇಲೆ ಎಷ್ಟು ಬಂದೀತು?

ಬಳ್ಳಾರಿ ಮಾವ: ಕಿರಣ, ಎಸ್ಟರ್ ಆಯಿಲ್ ಅಂದೆಲ್ಲ, ಅದು ಸರಿ ಐತಿ. ಅಲ್ಲೇ ನಿಂತಿ, ಅದು ತಪ್ಪು. ಇಡೀ ವಿಷಯ ಇರೋದು ಆಯಿಲಿನಾಗ, ಗ್ಯಾಸಿನಾಗ ಅಲ್ಲ. ಆರ್12 ಇದ್ದಾಗ ಮಿನರಲ್ ಆಯಿಲ್ ಅದರ ಜೊತಿ ಕರಗಿ ಊರೆಲ್ಲ ಸುತ್ತಿ ವಾಪಸ್ ಗ್ಯಾಸ್ ಒತ್ತೋ ಕಂಪ್ರೆಸರಿಗೆ ಬರ್ತಿತ್ತು. 134ಎ ಜೊತಿ ಅದು ಕರಗಂಗಿಲ್ಲ. ಗ್ಯಾಸ್ ಮುಂದ ಹೋಗ್ತೈತಿ, ಎಣ್ಣಿ ಇವ್ಯಾಪರೇಟರಿನ, ಅಂದ್ರ ಗಾಳಿ ತಣ್ಣಗ ಮಾಡೋ ಕಾಯಿಲಿನ, ತಳಕ್ಕ ಕುಂದರ್ತೈತಿ. ಕಂಪ್ರೆಸರ್ ಒಣಗಿ ತಿರುಗ್ತೈತಿ. ಮೊದಲ ತಿಂಗಳು ತಣ್ಣಗ ಬರ್ತೈತಿ, "ಮಾವ ಸುಮ್ನ ಹೆದರಿಸಿದ" ಅಂತೀರಿ. ಆಮೇಲೆ ಒಂದಿನ ಕಂಪ್ರೆಸರ್ ಹಿಡ್ಕೊಂತೈತಿ, ತಿರುಗಂಗಿಲ್ಲ.

ಬಳ್ಳಾರಿ ಮಾವ: ಅದಕ್ಕ ಕಂಪ್ರೆಸರ್ ಕೆಳಗ ಇಳಿಸಿ ಹಳೇ ಎಣ್ಣಿ ಬಗ್ಗಿಸಬೇಕು. ಹೊಸ ಎಣ್ಣಿ ಅಳತಿ ಮಾಡಿ ಹಾಕಬೇಕು. ಹೊಸ ಕಾರಿಗೆ ಹಾಕೋ ಪಿಎಜಿ ಎಣ್ಣಿ ಬ್ಯಾಡ. ಹಳೇ ಆರ್12ನ ಕ್ಲೋರಿನ್ ಉಳಿಕಿ ಒಳಗ ಇರ್ತೈತಿ, ಪಿಎಜಿಗೂ ಅದಕ್ಕೂ ಆಗಂಗಿಲ್ಲ. ಡ್ರೈಯರ್, ಅಂದ್ರ ಒಳಗಿನ ನೀರು ಹೀರೋ ಡಬ್ಬಿ, ಹೊಸಾದು ಬೇಕು. ಹಳೇ ಡ್ರೈಯರಿನ ಕಾಳು 134ಎಗೆ ಹೊಂದಂಗಿಲ್ಲ, ಮೂವತ್ತು ವರ್ಷದ ನೀರು ಬ್ಯಾರೆ ಕುಡಿದೈತಿ. ಬಿಚ್ಚಿದ ಪ್ರತಿ ಜಾಯಿಂಟಿಗೂ 134ಎಗೆ ಹೊಂದೋ ಹಸಿರು ರಬ್ಬರ್ ಓ-ರಿಂಗ್.

ಕಿರಣ್ ಫೀನಿಕ್ಸ್: ಪೈಪ್‌ಲೈನ್ ಫ್ಲಶ್ ಮಾಡಿಸಬೇಕು ಅಂತೀರಾ? ಅದಂತೂ ಬೇಕಿಲ್ಲ. ಉಳಿದ ಮಿನರಲ್ ಆಯಿಲ್ ಒಂದು ಮೂಲೆಯಲ್ಲಿ ಬಿದ್ದಿರುತ್ತೆ, ಯಾರಿಗೂ ತೊಂದರೆ ಕೊಡಲ್ಲ. ಹಳೆ ರಬ್ಬರ್ ಹೋಸ್ ಒಳಗೆ ಇಂಗಿರೋ ಎಣ್ಣೆ 134ಎ ಸೋರದ ಹಾಗೆ ತಡೆಯುತ್ತೆ ಅಂತಲೂ ಹೇಳ್ತಾರೆ.

ಬಳ್ಳಾರಿ ಮಾವ: ಫ್ಲಶ್ ಬಗ್ಗೆ ನಾ ಏನಾದ್ರೂ ಅಂದೆನೇನು? ಕಂಪ್ರೆಸರ್ ಸವೆದು ಲೋಹದ ಪುಡಿ ಬಂದಿದ್ರ ಮಾತ್ರ ಬೇಕು. ಹೋಸ್ ಸೀಳಿಲ್ಲ ಅಂದ್ರ ಅದೂ ಇರಲಿ. ಡ್ರೈಯರ್ ಬಿಡಂಗಿಲ್ಲ.

ನಾನು: ಚಿಕ್ಕಪ್ಪ, ಅಜ್ಜ ಇದ್ದಾಗ ಎರಡು ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸ್ತಿದ್ರಲ್ಲ? ಅದು ಪೆಟ್ರೋಲ್ ಥರ ಖರ್ಚಾಗುತ್ತೇನು?

ಬಳ್ಳಾರಿ ಮಾವ: ಖರ್ಚಾಗಂಗಿಲ್ಲವ್ವಾ. ಅದು ಮುಚ್ಚಿದ ಸುತ್ತು. ಕಡಿಮಿ ಆತು ಅಂದ್ರ ಎಲ್ಲೋ ಸೋರೈತಿ. ನಿಮ್ಮಜ್ಜ ಸೋರಿಕಿಗೆ ಬಾಡಿಗಿ ಕಟ್ಟಿದಂಗ ಕಟ್ಟಿದ್ರು. ಮನಿ ಫ್ರಿಜ್ಜಿನ ಕಂಪ್ರೆಸರ್ ಡಬ್ಬಿಯೊಳಗ ಬೆಸುಗಿ ಹಾಕಿರ್ತೈತಿ, ಕಾರಿನದು ಬೆಲ್ಟಿನಿಂದ ತಿರುಗಬೇಕು, ಅದಕ್ಕ ಶಾಫ್ಟ್ ಹೊರಗ ಬಂದಿರ್ತೈತಿ. ಅಲ್ಲಿನ ಸೀಲ್ ಎಣ್ಣಿ ಕಾಣದಿದ್ರ ಒಣಗಿ ಸೋರ್ತೈತಿ. ಶೆಡ್ಡಿನಾಗ ನಿಂತ ಗಾಡಿದು ಮೊದಲು ಕೆಡೋದು ಅದ. ಚಳಿಗಾಲದಾಗೂ ಆಗಾಗ ಹತ್ತು ನಿಮಿಷ ಎಸಿ ಓಡಿಸ್ರಿ ಅಂತ ಎಷ್ಟು ಸಲ ಹೇಳೀನಿ.

ಮಂಜು ಚಿಕ್ಕಪ್ಪ: ಹಂಗಾದ್ರೆ ಆರ್12ನೇ ಹಾಕಿಸಿದ್ರೆ ಆಯ್ತಲ್ಲ! ಹುಬ್ಬಳ್ಳಿಲಿ ಒಬ್ಬನ ಹತ್ರ ಹಳೇ ಸ್ಟಾಕ್ ಐತಂತೆ. ಎಣ್ಣೆ ಬದ್ಲಿಸೋದೂ ಬ್ಯಾಡ, ಏನೂ ಬ್ಯಾಡ.

ಬಳ್ಳಾರಿ ಮಾವ: ನಮ್ಮ ದೇಶದಾಗ ಅದರ ತಯಾರಿಕಿ ನಿಂತಿದ್ದು 2008ರ ಆಗಸ್ಟಿಗೆ. ಆ ಸಿಲಿಂಡರಿನಾಗ ಇರೋದು ಆರ್12 ಅಂತ ಅವನು ಹೇಳ್ತಾನ, ನೀ ಕೇಳ್ತಿ. ಹಳೇ ಮನಿ ಎಸಿಯ ಗ್ಯಾಸ್ ಆರ್22 ತುಂಬಿ ಕೊಟ್ರ? ಬಿಸಿಲಿನಾಗ ಗಾಡಿ ನಿಂತು, ಗ್ಯಾಸಿನ ಶಾಖ ಹೊರಗ ಬಿಡೋ ಮುಂದಿನ ಕಂಡೆನ್ಸರ್ 60 ಡಿಗ್ರಿಗೆ ಬಂತು ಅಂದ್ಕೊ. ಒಳಗಿನ ಒತ್ತಡ ಆರ್12 ಆದ್ರ ಸುಮಾರು 205 ಪಿಎಸ್ಐ, 134ಎ ಆದ್ರ 230, ಆರ್22 ಆದ್ರ 340ರ ಹತ್ರ. ನಿನ್ನ ಹಳೇ ಹೋಸ್ ತಡೀತೈತೇನು? ನಿಜವಾದ ಆರ್12 ಆಗಿದ್ರೂ ಸೋರೋ ಗಾಡಿಗೆ ಹಾಕಿ ಓಝೋನ್ ಪದರ ಹಾಳು ಮಾಡಾಕ ಕಳಿಸಬ್ಯಾಡ.

ಮಂಜು ಚಿಕ್ಕಪ್ಪ: ಕೊನೇದು ಒಂದು ಕೇಳ್ತೀನಿ, ಬೈಬೇಡಿ. ನಮ್ಮ ಓಣಿ ಆಟೋ ಎಲೆಕ್ಟ್ರಿಷಿಯನ್, ಅಡುಗೆ ಗ್ಯಾಸ್ ಹಾಕಿದ್ರೂ ತಣ್ಣಗಾಗುತ್ತೆ, ಐನೂರು ರೂಪಾಯಿಗೆ ಮಾಡ್ಕೊಡ್ತೀನಿ ಅಂದ.

ಬಳ್ಳಾರಿ ಅತ್ತೆ: ಮಂಜಾ, ನಿಂಗೇನು ತಲೆ ಕೆಟ್ಟೈತಾ! ಮಕ್ಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಅದು.

ನಾನು: ಅತ್ತೆ, ನಮ್ಮ ಮನೆ ಹೊಸ ಫ್ರಿಜ್ಜಿನ ಹಿಂದೆ ಆರ್600ಎ ಅಂತ ಬರೆದಿದೆ. ಅದೂ ಬ್ಯೂಟೇನ್ ಜಾತಿಯದ್ದೇ ಅಲ್ವಾ? ಅಡುಗೆಮನೆಯಲ್ಲೇ ಇಟ್ಟಿದೀವಲ್ಲ.

ಬಳ್ಳಾರಿ ಮಾವ: ಪ್ರಶ್ನೆ ಛಲೋ ಐತಿ. ತಣ್ಣಗ ಮಾಡೋದ್ರಾಗ ಆ ಜಾತಿ ಗ್ಯಾಸ್ ಕಡಿಮಿ ಇಲ್ಲ, ಆ ಹುಡುಗ ಸುಳ್ಳೇನು ಹೇಳಿಲ್ಲ. ಆದ್ರ ಫ್ರಿಜ್ಜಿನಾಗ ಇರೋದು ಐವತ್ತು ಗ್ರಾಂ ಆಸುಪಾಸು, ಅದೂ ಬೆಸುಗಿ ಹಾಕಿದ ಪೈಪಿನಾಗ, ಅದಕ್ಕಂತನ ಮಾಡಿದ ವೈರಿಂಗ್ ಜೊತಿ. ಕಾರಿನಾಗ ನೂರಾರು ಗ್ರಾಂ. ಇವ್ಯಾಪರೇಟರ್ ಇರೋದು ಡ್ಯಾಶ್‌ಬೋರ್ಡ್ ಒಳಗ. ಅಲ್ಲಿ ಸೋರಿದ್ರ ಗ್ಯಾಸ್ ಬರೋದು ನಿನ್ನ ಮುಖಕ್ಕ, ಕಿಟಕಿ ಏರಿಸಿ ಕುಂತಾಗ. ಮುಂದಿನಿಂದ ಗುದ್ದಿದ್ರ ಮೊದಲು ಒಡೆಯೋದು ಕಂಡೆನ್ಸರ್.

ಕಿರಣ್ ಫೀನಿಕ್ಸ್: ಇದರಲ್ಲಿ ನಾನು ಮಾವನ ಕಡೆ. ಇಲ್ಲಿ ಆರ್12 ಕಾರಿಗೆ ಅಂಥ ಗ್ಯಾಸ್ ಹಾಕೋದು ಕಾನೂನಿಗೇ ವಿರುದ್ಧ. ಆದ್ರೆ ಮಾವ, ಇಷ್ಟೆಲ್ಲ ಮಾಡಿಸಿದ ಮೇಲೂ ಅಜ್ಜನ ಕಾಲದಷ್ಟು ತಂಪು ಬರಲ್ಲ, ಅದನ್ನೂ ಚಿಕ್ಕಪ್ಪಂಗೆ ಹೇಳಿ. ಹಳೆ ಕಂಡೆನ್ಸರ್ 134ಎಗೆ ಸಾಲಲ್ಲ. ಸಿಗ್ನಲ್ಲಲ್ಲಿ ನಿಂತಾಗ ಬಿಸಿ ಗಾಳಿನೇ. ಮೊದಲೇ 970 ಸಿಸಿ ಎಂಜಿನ್, ಎಸಿ ಹಾಕಿದ್ರೆ ಏರಿನಲ್ಲಿ ಗಾಡಿ ಅಳುತ್ತೆ. ನನ್ನ ಕೇಳಿದ್ರೆ ಮದುವೆಗೆ ಬಾಡಿಗೆ ಇನ್ನೋವಾ ತಗೊಳ್ಳಿ.

ಮಂಜು ಚಿಕ್ಕಪ್ಪ: ಇನ್ನೋವಾ ಮಾತು ಬ್ಯಾಡ ಕಿರಣ. ಅಪ್ಪನ ಗಾಡಿ ಅದು.

ಬಳ್ಳಾರಿ ಮಾವ: ಕಂಡೆನ್ಸರ್ ಮುಂದ ಇನ್ನೊಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸು. ದುಡ್ಡು ಇದ್ರ ಶಾಖ ಹೆಚ್ಚು ಬಿಡೋ ಪ್ಯಾರಲಲ್ ಫ್ಲೋ ಕಂಡೆನ್ಸರ್. ಎರಡೂ ಆಗಲಿಲ್ಲ ಅಂದ್ರ ಕಿರಣ ಹೇಳಿದ್ದ ಖರೆ.

ಗುರುವಾರ

ಮಂಜು ಚಿಕ್ಕಪ್ಪ: ಗಾಡಿ ಬಿಟ್ಟೆ. ನೈಟ್ರೋಜನ್ ತುಂಬಿ ಸೋಪು ನೀರು ಹಾಕಿ ನೋಡಿದ್ರು. ಶಾಫ್ಟ್ ಸೀಲ್ ಒಂದು, ಕಂಡೆನ್ಸರ್ ಜಾಯಿಂಟ್ ಒಂದು, ಎರಡೇ ಕಡೆ ಸೋರ್ತಿತ್ತು. ಕಂಪ್ರೆಸರ್ ಒಳಗೆ ಪುಡಿ ಇಲ್ಲ. ಸೀಲ್, ಡ್ರೈಯರ್, ರಿಂಗ್, ಎಸ್ಟರ್ ಆಯಿಲ್, ಫ್ಯಾನ್ ಎಲ್ಲಾ ಸೇರಿ ಹದಿಮೂರು ಸಾವಿರಕ್ಕೆ ಒಪ್ಪಿದಾನೆ. ಈಗ ಒಳಗಿನ ಗಾಳಿ ಎಳೆಯೋಕೆ ವ್ಯಾಕ್ಯೂಮ್ ಪಂಪ್ ಹಾಕಿದಾರೆ. ಡ್ರೈಯರ್ ಮೇಲಿನ ಗಾಜಿನಲ್ಲಿ ಗುಳ್ಳೆ ನಿಲ್ಲೋವರೆಗೂ ಗ್ಯಾಸ್ ಬಿಡ್ತೀನಿ ಅಂತಾನೆ.

ಬಳ್ಳಾರಿ ಮಾವ: ಅಂವಗ ಫೋನ್ ಕೊಡು!

ಬಳ್ಳಾರಿ ಮಾವ: ಫೋನ್ ಎತ್ತಂಗಿಲ್ಲಲ್ಲ ನೀನು. ಇಲ್ಲೇ ಬರೀತೀನಿ, ತೋರಿಸು. ಗುಳ್ಳಿ ನೋಡಿ ತುಂಬೋದು ಆರ್12 ಕಾಲದ ಲೆಕ್ಕ. 134ಎಗೆ ಗುಳ್ಳಿ ಪೂರ್ತಿ ನಿಲ್ಲೋತನಕ ತುಂಬಿದ್ರ ಹೆಚ್ಚಾಗಿಬಿಡ್ತೈತಿ, ಹೈ ಸೈಡ್ ಪ್ರೆಶರ್ ಏರ್ತೈತಿ, ತಂಪೂ ಕಡಿಮಿ ಆಗ್ತೈತಿ. ಸಿಲಿಂಡರ್ ತಕ್ಕಡಿ ಮೇಲೆ ಇಟ್ಟು ತುಂಬಲಿ. ಹಳೇ ಲೇಬಲ್ಲಿನಾಗ ಬರದಷ್ಟರಲ್ಲಿ ನೂರಕ್ಕ ಎಂಬತ್ತೈದು. 700 ಗ್ರಾಂ ಇದ್ರ 600ರ ಒಳಗ ನಿಲ್ಲಿಸಬೇಕು. ವ್ಯಾಕ್ಯೂಮ್ ಅರ್ಧ ತಾಸಿಗಿಂತ ಕಡಿಮಿ ಬ್ಯಾಡ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲುಗಬಾರದು.

ಮಂಜು ಚಿಕ್ಕಪ್ಪ: ತೋರಿಸಿದೆ ಭಾವ. ಓದಿ, "ಇವ್ರು ಯಾರ್ರೀ" ಅಂದ. ತಕ್ಕಡಿ ತರೋಕೆ ಹುಡುಗನ್ನ ಕಳಿಸಿದಾನೆ.

ಕಿರಣ್ ಫೀನಿಕ್ಸ್: ಚಿಕ್ಕಪ್ಪ, ತುಂಬಿದ ಮೇಲೆ 134ಎ, ಎಸ್ಟರ್ ಆಯಿಲ್, ಇಷ್ಟು ಗ್ರಾಂ, ತಾರೀಖು ಅಂತ ಒಂದು ಚೀಟಿ ಬರೆಸಿ ಬಾನೆಟ್ ಒಳಗೆ ಅಂಟಿಸಿ. ಅಡಾಪ್ಟರ್ ಬಿಚ್ಚಿ ಬಂದ್ರೆ ಮುಂದಿನ ಮೆಕ್ಯಾನಿಕ್‌ಗೆ ಒಳಗೇನಿದೆ ಗೊತ್ತಾಗಲ್ಲ.

ಬಳ್ಳಾರಿ ಮಾವ: ಹೌದು. ಹಳೇ ಲೇಬಲ್ ಕೀಳಬ್ಯಾಡ, ಪಕ್ಕದಾಗ ಹಚ್ಚು.

ಮಂಜು ಚಿಕ್ಕಪ್ಪ: ಆಯ್ತು. ನಾಲ್ಕು ಜನಕ್ಕೆ ಜಾಗ ಐತೆ. ರಾಯಚೂರಿಗೆ ನನ್ನ ಜೊತೆ ಯಾರು ಬರ್ತೀರಿ, ಇವತ್ತೇ ಹೇಳಿ.

ಬಳ್ಳಾರಿ ಅತ್ತೆ: ನಾವಿಬ್ರು ಟ್ರೈನಿಗೆ ಬುಕ್ ಮಾಡಿದೀವಿ.