ಮಂಗಳೂರಿನ ಅಂಚಿನಲ್ಲೇ ರೈಲು ಸಾಗಿಹೋಗುವುದೇಕೆ?

ಕಿಟಕಿ ಸೀಟು:
ಕಳೆದ ವಾರ ಅಮ್ಮನನ್ನು ಕರೆದುಕೊಂಡು ಮುಂಬೈಯಿಂದ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಬಂದೆ. ಬೆಳಗಿನ ಜಾವ ಮಂಗಳೂರು ಜಂಕ್ಷನ್‌ನಲ್ಲಿ ಇಳಿದು, ನಿದ್ದೆಗಣ್ಣಿನಲ್ಲೇ ರಿಕ್ಷಾದವನೊಂದಿಗೆ ಚೌಕಾಸಿ ಮಾಡಿ ಊರ ನಡುವಿನ ಹಂಪನಕಟ್ಟೆ ಸೇರಿದ್ದಾಯಿತು. ನಮ್ಮ ನದಿಯ ಹೆಸರು ಹೊತ್ತ ರೈಲೇ ಊರೊಳಗಿನ ಸೆಂಟ್ರಲ್ ನಿಲ್ದಾಣಕ್ಕೆ ಬಾರದೆ ಹೋಗುತ್ತದೆ. ಹಳಿ ಹಾಕಿದವರಿಗೆ ಅಷ್ಟೂ ತೋಚಲಿಲ್ಲವೇ?

ಪಡೀಲು:
ಸೆಂಟ್ರಲ್‌ಗೆ ಬಂದರೆ ಬಂದ ಕಡೆಗೇ ಹಿಂದಿರುಗಬೇಕು, ಅದಕ್ಕೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸಬೇಕು. ಕೊಂಕಣದಿಂದ ಕೇರಳಕ್ಕೆ ಹೋಗುವ ಗಾಡಿಗೆ ಜಂಕ್ಷನ್ ನೇರ ದಾರಿ. ಅಷ್ಟೇ.

ಹಂಚಿನ ಗುಮಾಸ್ತ:
ಅಷ್ಟೇ ಅಲ್ಲ. ಹಳಿ ಹಾಕಿದವರಿಗೆ ಚೆನ್ನಾಗಿಯೇ ತೋಚಿತ್ತು, ನಿಮ್ಮ ಅಮ್ಮನ ವಿಷಯ ಮಾತ್ರ ತೋಚಿರಲಿಲ್ಲ. 1907ರಲ್ಲಿ ರೈಲು ಮಂಗಳೂರಿಗೆ ಬಂದದ್ದು ದಕ್ಷಿಣದಿಂದ, ಕಣ್ಣೂರು–ಕಾಸರಗೋಡಿನ ದಾರಿಯಲ್ಲಿ. ಆಗ ನಾವು ಮದ್ರಾಸ್ ಪ್ರಾಂತ್ಯದವರು. ಕೋರ್ಟು ಕಚೇರಿಯ ಕೆಲಸಕ್ಕೆಲ್ಲ ಮದ್ರಾಸಿನ ಕಡೆಗೇ ಮುಖ. ಬೆಂಗಳೂರು ಘಟ್ಟದ ಆಚೆಯ ಬೇರೆ ರಾಜ್ಯ. ಮುಂಬೈಗೆ ಹೋಗಲು ಹಡಗಿತ್ತು. ಹಾಗಾಗಿ ಹಳಿ ನೇತ್ರಾವತಿ ದಾಟಿ ಊರು ಮುಟ್ಟಿ ನಿಂತಿತು.

ನಿಂತಿತು ಎಂದೆ, ಅದೂ ಪೂರ್ತಿ ಸರಿಯಲ್ಲ. ಜನರಿಗೆ ಅಲ್ಲಿ ಮುಗಿಯಿತು, ಸಾಮಾನಿಗೆ ಮುಗಿಯಲಿಲ್ಲ. ಸೆಂಟ್ರಲ್ ದಾಟಿ ಬಂದರಿನ ಗೂಡ್ಸ್ ಶೆಡ್‌ಗೆ ಒಂದು ಹಳಿ ಹೋಗುತ್ತಿತ್ತು. ಪಾಂಡೇಶ್ವರದ ರೈಲ್ವೆ ಗೇಟಿನಲ್ಲಿ ನಿಂತು ಬೈದವರಿಗೆಲ್ಲ ಅದು ಗೊತ್ತು. ನಾನು ಮೂವತ್ತು ವರ್ಷ ಹಂಚಿನ ಕಾರ್ಖಾನೆಯ ಗುಮಾಸ್ತನಾಗಿದ್ದೆ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು ಇದು. ವ್ಯಾಗನ್‌ನಲ್ಲಿ ಹಂಚನ್ನು ಮಲಗಿಸುವಂತಿಲ್ಲ, ಅಂಚಿನ ಮೇಲೆ ನಿಲ್ಲಿಸಿ ಸಾಲಿನಿಂದ ಸಾಲಿಗೆ ಬೈಹುಲ್ಲು ತುರುಕುತ್ತಿದ್ದರು. ಹುಲ್ಲು ಕಡಿಮೆಯಾದರೆ ಅತ್ತ ತಲುಪುವಷ್ಟರಲ್ಲಿ ಚೂರು, ಇತ್ತ ನನ್ನ ಮೇಜಿಗೆ ತಕರಾರಿನ ಕಾಗದ. ಒಡೆದ ಹಂಚಿನ ಲೆಕ್ಕ ಬರೆದೇ ನನ್ನ ಕೈಬರಹ ಕೆಟ್ಟದ್ದು!

ಊರೊಳಗೆ ಜನರನ್ನು ಸಾಗಿಸಿದ್ದು ರೈಲಲ್ಲ, ಖಾಸಗಿ ಬಸ್ಸು. 1914ರಲ್ಲಿ ಸಿ.ಪಿ.ಸಿ. (ಕೆನರಾ ಪಬ್ಲಿಕ್ ಕನ್ವೇಯನ್ಸ್) ಬಸ್ ಕಂಪನಿ ಆರಂಭವಾಯಿತು. ಉಡುಪಿ ಕಡೆಗೆ ಹೊಳೆ ಅಡ್ಡ ಬಂದಲ್ಲೆಲ್ಲ ಇಳಿದು, ಕಡವಿನಲ್ಲಿ ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯುತ್ತಿದ್ದರಂತೆ. ಕೂಳೂರು ಸೇತುವೆ ಆದದ್ದು 1952ರಲ್ಲಿ. ನನ್ನ ಅಜ್ಜಿಗೆ ಕೊನೆಯವರೆಗೂ ಉಡುಪಿ ಎಂದರೆ ಒದ್ದೆ ಸೀರೆಯ ಅಂಚು.

ಕಿಟಕಿ ಸೀಟು:
ಹಾಗಾದರೆ ಜಂಕ್ಷನ್ ಬಂದದ್ದು ಯಾವಾಗ?

ಹಂಚಿನ ಗುಮಾಸ್ತ:
ಹಾಸನದಿಂದ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ, 1979ರಲ್ಲಿ ಬಂತು, ಆಮೇಲೆ ಕೊಂಕಣ ರೈಲು: ಉಡುಪಿಗೆ 1993, ಪೂರ್ತಿ ದಾರಿ 1998. ಎರಡೂ ಊರಂಚಿನ ಪಡೀಲಿನ ಕಡೆಯಿಂದ ಬಂದು ಸೇರಿಕೊಂಡವು. ಕಂಕನಾಡಿ ನಿಲ್ದಾಣವೇ ಈಗ ಜಂಕ್ಷನ್ ಎಂಬ ಹೆಸರು ಹೊತ್ತಿದೆ. ಹಾಸನದ ದಾರಿಯನ್ನು ಅಗಲ ಹಳಿಯ ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷ ಬೆಂಗಳೂರಿಗೆ ಶಿರಾಡಿ ಘಾಟಿಯ ಹೊಂಡಗಳಲ್ಲಿ ಬಸ್ಸೇ ಗತಿ. ನನ್ನ ಸೊಂಟದ ನೋವು ಆಗಿನದು.

ಪಡೀಲು:
ಕಂಡಕ್ಟರ್ ಇವತ್ತಿಗೂ "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಎಂದೇ ಕೂಗುತ್ತಾನೆ, ಅದು ನಮ್ಮ ಬಸ್ ನಿಲ್ದಾಣದ ಹೆಸರು. ಹೊರಗಿನವರು ದುಡ್ಡು ಕಟ್ಟಲು ಹೋಗುವ ಬಸ್ಸು ಎಂದುಕೊಳ್ಳುತ್ತಾರೆ.

ಹಂಚಿನ ಗುಮಾಸ್ತ:
ಕಿಟಕಿ ಸೀಟಿನವರೇ, ಒಮ್ಮೆ ಉಳ್ಳಾಲದಲ್ಲಿ ಸೆಂಟ್ರಲ್‌ಗೆ ಹೋಗುವ ಲೋಕಲ್ ಹತ್ತಿ, ಎಡಗಡೆ ಕುಳಿತುಕೊಳ್ಳಿ. ಸೇತುವೆ ದಾಟಿದ ಮೇಲೆ ನೇತ್ರಾವತಿ ಕ್ಯಾಬಿನ್ ಎಂಬ ಸಿಗ್ನಲ್ ಕಟ್ಟೆಯ ಹತ್ತಿರ ಹಳಿ ಎರಡಾಗುತ್ತದೆ. ನೀವು ಕುಳಿತ ಲೋಕಲ್ ಸೆಂಟ್ರಲ್ ಕಡೆಗೆ ಎಡಕ್ಕೆ ಹೊರಳುತ್ತದೆ. ಅಮ್ಮನನ್ನೂ ಕರೆದುಕೊಂಡು ಹೋಗಿ, ಈ ಸಲ ರಿಕ್ಷಾ ಬೇಕಾಗುವುದಿಲ್ಲ.