ಯಾಟ್ ಸರ್ವೇಯರ್ ಆಗ್ಬೇಕು, ಕೋರ್ಸ್ ಸಾಕಾ ಬೋಟ್ ಯಾರ್ಡಲ್ಲೂ ದುಡೀಬೇಕಾ?

ಹಾಯಿಹುಚ್ಚ:
ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಡಿಸೈನ್ ಆಫೀಸಲ್ಲಿ ಇದೀನಿ, ಸೈಲಿಂಗ್ ಹುಚ್ಚು ಬೇರೆ, ಈಗ ಯಾಟ್ ಸರ್ವೇಯರ್ ಆಗೋಣ ಅಂತ, ಅಂದ್ರೆ ಕೊಳ್ಳೋವ್ರ ಪರವಾಗಿ ಬೋಟ್ ಪರೀಕ್ಷೆ ಮಾಡಿ ರಿಪೋರ್ಟ್ ಬರೆಯೋ ಕೆಲ್ಸ. ಐಐಎಂಎಸ್ (ಮರೀನ್ ಸರ್ವೇಯರ್‌ಗಳ ಅಂತಾರಾಷ್ಟ್ರೀಯ ಸಂಸ್ಥೆ) ಡಿಪ್ಲೊಮಾನ ಮನೇಲೇ ಕೂತು ಓದ್ಬೋದಂತೆ. ಅದು ಮುಗ್ಸಿ ತೇವ ಅಳೆಯೋ ಒಂದು ಮಾಯಿಶ್ಚರ್ ಮೀಟರ್ ತಗೊಂಡು ಶುರು ಮಾಡಿದ್ರೆ ನಡಿಯತ್ತಾ?

ಗೆಲ್‌ಕೋಟ್:
ಮೀಟರ್ ಯಾರು ಬೇಕಾದ್ರೂ ತಗೋಬೋದು ಗುರೂ, ಅದನ್ನ ಯಾವಾಗ ನಂಬಬಾರ್ದು ಅನ್ನೋದೇ ಕೆಲ್ಸ. ಆಗಷ್ಟೇ ನೀರಿಂದ ಎತ್ತಿದ ಹಲ್ (ಬೋಟಿನ ಹೊರಮೈ) ಮೇಲಿಟ್ರೆ ಜಾಸ್ತಿ ತೋರ್ಸತ್ತೆ, ಪಾಚಿ ಕಟ್ಟದ ಹಾಗೆ ಬಳಿಯೋ ತಾಮ್ರದ ಆಂಟಿಫೌಲಿಂಗ್ ಬಣ್ಣದ ಮೇಲಿಟ್ರೂ ಜಾಸ್ತಿ, ಆ ಕಡೆ ನೀರಿನ ಟ್ಯಾಂಕ್ ಇದ್ರೂ ಜಾಸ್ತಿ. ನಾನು ಯಾರ್ಡಲ್ಲಿ ಡೆಕ್ ರಿಪೇರಿ ಮಾಡ್ತಿದ್ದವ್ನು, ಸುತ್ತಿಗೇಲಿ ತಟ್ಟಿ ಸದ್ದು ಎಲ್ಲಿ ಮಂಕಾಗತ್ತೆ ನೋಡಿ ಗೆರೆ ಎಳೀತಿದ್ವಿ, ಆಮೇಲೆ ಮೇಲಿನ ಫೈಬರ್ ಕೊಯ್ದು ತೆಗೆದ್ರೆ ಒಳಗಿನ ಬಾಲ್ಸಾ ಮರ ಆ ಗೆರೆ ದಾಟಿ ಎಷ್ಟು ದೂರ ಕೊಳೆತಿದೆ ಅಂತ ಅಲ್ಲೇ ಕಾಣ್ತಿತ್ತು, ಕಿವಿ ಪಳಗೋದು ಹಂಗೇ. ಸರ್ವೇಯರ್‌ಗೆ ಆ ಭಾಗ್ಯ ಇಲ್ಲ. ಬೋಟ್ ಇನ್ನೂ ಮಾರೋವ್ನದ್ದು, ಒಂದು ತೂತು ಕೊರೆಯೋಕೂ ಬಿಡಲ್ಲ, ತಟ್ಟಿ ಬರೆದು ಹೋಗ್ಬೇಕು, ಸರಿ ಹೇಳಿದ್ನಾ ತಪ್ಪು ಹೇಳಿದ್ನಾ ಅನ್ನೋದು ಎಷ್ಟೋ ಸಲ ಗೊತ್ತೇ ಆಗಲ್ಲ.

ಕೀಲ್‌ಬೋಲ್ಟ್:
ಒಪ್ತೀನಿ, ಆದ್ರೆ ಯಾರ್ಡಲ್ಲಿ ಬೆಳೆದವ್ರೆಲ್ಲ ಒಳ್ಳೆ ಸರ್ವೇಯರ್ ಆಗಲ್ಲ. ಇಂಜಿನ್‌ನವ್ನು ಇಂಜಿನ್ನೇ ನೋಡ್ತಾನೆ, ಹಾಯಿ ಹಗ್ಗ ಕಟ್ಟೋ ರಿಗ್ಗರ್ ಹಾಯಿಕಂಬಾನೇ ನೋಡ್ತಾನೆ. 2014ರಲ್ಲಿ ಚೀಕಿ ರಫೀಕಿ ಅನ್ನೋ ಯಾಟ್‌ನ ಕೀಲ್ (ಬೋಟ್ ಮಗುಚದ ಹಾಗೆ ತಳದಲ್ಲಿರೋ ಭಾರದ ರೆಕ್ಕೆ) ಅಟ್ಲಾಂಟಿಕ್ ಮಧ್ಯೆ ಕಳಚಿ ನಾಲ್ಕು ಜನ ಹೋದ್ರಲ್ಲ, ಹಡಗು ಅಪಘಾತ ತನಿಖೆ ಮಾಡೋ ಬ್ರಿಟನ್ನಿನ ಎಂಎಐಬಿ ರಿಪೋರ್ಟ್ ಓದು. ಹಿಂದೆ ನೆಲ ತಾಗಿದ್ದು, ಆಮೇಲಿನ ರಿಪೇರಿ, ಇವೆಲ್ಲ ಸೇರಿ ಕೀಲ್ ಹತ್ರದ ಸ್ಟ್ರಕ್ಚರ್ ದುರ್ಬಲ ಆಗಿರ್ಬೋದು ಅಂತಿದೆ. ತಳಕ್ಕೆ ಬಲ ಕೊಡೋ ಒಳಗಿನ ಗ್ರಿಡ್ ಹಲ್‌ಗೆ ಅಂಟಿರೋ ಜಾಗ ಬಿಟ್ಕೊಂಡಿದ್ರೆ ಕಣ್ಣಿಗೆ ಬೀಳೋದೇ ಕಷ್ಟ. ಅದಕ್ಕೇ ಏನು ನೋಡಿದೆ ಅನ್ನೋದರ ಜೊತೆ ಏನು ನೋಡೋಕಾಗ್ಲಿಲ್ಲ, ಯಾಕೆ ಅಂತಾನೂ ರಿಪೋರ್ಟಲ್ಲಿ ಸ್ಪಷ್ಟವಾಗಿ ಬರೀಬೇಕು, ನಾಳೆ ಕೇಸ್ ಬಿದ್ರೆ ನಿಂಗೆ ಆಸರೆ ಆ ಸಾಲುಗಳೇ, ತಪ್ಪಾದ್ರೆ ಪರಿಹಾರ ಕಟ್ಟೋ ಇಂಡೆಮ್ನಿಟಿ ಇನ್ಶೂರೆನ್ಸ್ ಆಮೇಲಿನ ಮಾತು. ಹಂಗೆ ರಿಪೋರ್ಟ್ ಬರೆಯೋದನ್ನ ಕೋರ್ಸಲ್ಲೇ ಕಲಿಯೋದು.

ಹಾಯಿಹುಚ್ಚ:
ಕೆಲ್ಸ ಬಿಟ್ಟು ಯಾರ್ಡ್ ಸೇರೋಕೆ ಈಗ ಆಗಲ್ಲ. ಶನಿವಾರ ಭಾನುವಾರ ಏನಾದ್ರೂ?

ಗೆಲ್‌ಕೋಟ್:
ಆಗತ್ತೆ. ಯಾವ್ದಾದ್ರೂ ಸರ್ವೇಯರ್ ಜೊತೆ ಏಣಿ ಹೊತ್ಕೊಂಡು ಹೋಗು, ದುಡ್ಡು ಕೇಳ್ಬೇಡ. ಬಿಲ್ಜ್‌ಗೆ (ಬೋಟಿನ ಒಳ ತಳ) ಇಳಿದು ಸೀಕಾಕ್ (ಸಮುದ್ರದ ನೀರು ತಡೆಯೋ ಕವಾಟ) ಕೆರೆದು ನೋಡು, ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಸತು ಕರಗಿ ಹೋಗಿದೆ ಅಂತ ಅರ್ಥ, ಒಂದೇಟಿಗೆ ಮುರಿದ್ರೂ ಮುರೀತು. ಮತ್ತೆ ಯಾರ್ಡಲ್ಲಿ ಗುಜರಿಗೆ ಹೋಗೋ ಬೋಟ್ ಇದ್ರೆ ಬಿಡ್ಲೇಬೇಡ, ಮೊದ್ಲು ನಿನ್ನ ಸರ್ವೇ ಪೂರ್ತಿ ಬರೆದಿಡು, ಆಮೇಲೆ ಓನರ್‌ನ ಕೇಳಿ ಗರಗಸ ಹಾಕಿ ಕೊಯ್ದು, ಬರೆದಿದ್ದು ಸರಿನಾ ಅಂತ ನೋಡು.